ಘಟ್ಟ ಇಳಿಸುವ ಮುನ್ನ: ಮಂಗಳೂರಿಗೆ ಲಾರಿಯೋ, ರೈಲೋ?

ಸುಗ್ಗಿ ಮುಗಿದು ಕಣದ ತುಂಬ ಕಾಫಿ ರಾಶಿ ಬಿದ್ದಿರುವ ದಿನಗಳಲ್ಲಿ ಮಲೆನಾಡಿನ ಯಾವ ಮನೆಯ ಜಗಲಿಯ ಮೇಲೆ ಕುಳಿತರೂ ಕೇಳಿಬರುವ ಪ್ರಶ್ನೆ ಒಂದೇ: “ಈ ಸಲ ಧಾರಣೆ ಎಲ್ಲಿಗೆ ಏರೀತು?” ಮಾಲನ್ನು ಮಂಗಳೂರಿಗೆ ಹೇಗೆ ಇಳಿಸುವುದು, ಯಾವಾಗ ಇಳಿಸುವುದು ಎಂಬ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಲಾರಿ ಅಂಗಳಕ್ಕೆ ಬಂದು ನಿಂತ ದಿನ ಅದು ತಾನಾಗಿ ಬಗೆಹರಿಯುತ್ತದೆಂದು ನಾವೆಲ್ಲ ತಿಳಿದಿದ್ದೇವೆ.

ರೈತ ಬಂಧುಗಳೇ, ನಾನೂ ಹಾಗೆಯೇ ತಿಳಿದಿದ್ದೆ, 2018ರ ತನಕ.

ಆ ವರ್ಷ ಜನವರಿಯಿಂದ ಶಿರಾಡಿ ಘಾಟಿಯ ರಸ್ತೆಯನ್ನು ಕಾಂಕ್ರೀಟ್ ಹಾಕುವ ಸಲುವಾಗಿ ಮುಚ್ಚಿದ್ದರು. ಸಕಲೇಶಪುರದ ಹತ್ತಿರದ ನಮ್ಮ ತೋಟದಲ್ಲಿ 60 ಚೀಲ ರೊಬಸ್ಟಾ ಚೆರ್ರಿ ಒಣಗಿ ಉಗ್ರಾಣ ಸೇರಿತ್ತು. ರಸ್ತೆ ತೆರೆಯಲಿ, ಅಷ್ಟರಲ್ಲಿ ಧಾರಣೆಯೂ ಏರಲಿ ಎಂದು ಕಾದೆ. ಜುಲೈ ನಡುವಿನಲ್ಲಿ ರಸ್ತೆ ತೆರೆಯಿತು. ಹೊಸ ರಸ್ತೆ, ಇನ್ನೇನು ಭಯ ಎಂದುಕೊಂಡು ಇನ್ನೂ ಕೆಲವು ವಾರ ಕಾದೆ. ಆಗಸ್ಟ್ ನಡುವಿನಲ್ಲಿ, ಸುರಿಯುವ ಮಳೆಯಲ್ಲಿ, ಚಿಕ್ಕ ಲಾರಿಯೊಂದಕ್ಕೆ ಮಾಲು ಹೇರಿಸಿ ಕಳಿಸಿದೆ.

ಘಾಟಿಯ ಬಾಯಿಗೆ ಹೋಗುವಷ್ಟರಲ್ಲಿ ಕೆಳಗೆ ಗುಡ್ಡ ಜರಿದು ದಾರಿ ಕಟ್ಟಿತು. ಲಾರಿ ಸಾಲಿನಲ್ಲಿ ಸಿಕ್ಕಿ ಮೂರು ರಾತ್ರಿ ನಿಂತಿತು. ತಿರುಗಿಸಲು ಜಾಗ ಸಿಕ್ಕ ಮೇಲೆ ಹಾಸನದ ಕಡೆಗೆ ಹೋಗಿ ಇಳಿಸಬೇಕಾಯಿತು. ಬಿಚ್ಚಿ ನೋಡಿದರೆ ತಾಡಪಾಲಿನ ಒಂದು ಹರಕಿನ ಕೆಳಗೆ 14 ಚೀಲ ತೊಯ್ದಿದ್ದವು. ಬೂಷ್ಟಿನ ವಾಸನೆ ಉಳಿದ ಚೀಲಗಳಿಗೂ ತಗಲಿತ್ತು. ತೊಯ್ದದ್ದು ಹದಿನಾಲ್ಕು, ಬೆಲೆ ಮುರಿದದ್ದು ಅರವತ್ತಕ್ಕೂ. ಸಹಕಾರ ಸಂಘದ ಸಾಲದ ಕಂತನ್ನು ಆ ವರ್ಷ ಮನೆಯ ಬಂಗಾರ ಅಡವಿಟ್ಟು ಕಟ್ಟಿದೆ.

ರೈಲಿನಲ್ಲಾದರೂ ಕಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದೇ ಮಳೆಗೆ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವೆ ರೈಲು ಹಳಿಯ ಮೇಲೂ ಗುಡ್ಡ ಜರಿದಿತ್ತು. ಮಡಿಕೇರಿಯ ಕಡೆಯ ಸಂಪಾಜೆ ದಾರಿಯೂ ಕುಸಿದಿತ್ತು. ಲಾರಿ, ರೈಲು, ಬಳಸು ದಾರಿ ಎಂದು ನಾವು ಬೇರೆ ಬೇರೆಯಾಗಿ ಎಣಿಸುವ ಮೂರೂ ಒಂದೇ ಬೆಟ್ಟದ ಬೆನ್ನ ಮೇಲೆ, ಒಂದೇ ಮಳೆಯ ಕೆಳಗೆ ಇವೆ ಎಂಬುದು ಅಂದು ನನಗೆ ಮನದಟ್ಟಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ನಿಮಗೆ ಹಾಗಾಗದಿರಲಿ ಎಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಇಳಿಯುವ ದಾರಿಗಳು

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಅಲ್ಲಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 130 ಕಿಲೋಮೀಟರು. ಈ ಮೂರು ಸಾವಿರ ಅಡಿಯ ಬಹುಪಾಲು ಇಳಿತವೆಲ್ಲ ಘಾಟಿಯ ಕೆಲವೇ ಮೈಲಿಗಳಲ್ಲಿ ಮುಗಿಯುತ್ತದೆ. ಬೆಲೆಯ ಭಾಷೆಯಲ್ಲಿ ಹೇಳುವುದಾದರೆ, 130 ಕಿಲೋಮೀಟರಿನ ಬಾಡಿಗೆ ಕೊಟ್ಟರೂ ನಿಮ್ಮ ಮಾಲಿನ ಹಣೆಬರಹ ತೀರ್ಮಾನವಾಗುವುದು ಆ ಕೆಲವು ಮೈಲಿಗಳಲ್ಲಿ.

ಈ ದಾರಿ ಹೊಸದಲ್ಲ. ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಹೊರಟರೆ ದೋಣಿಗಾಲಿನ ಬಳಿ ಗುಡ್ಡದ ನೆತ್ತಿಯ ಮೇಲೆ ಎಂಟು ಮೂಲೆಯ ನಕ್ಷತ್ರದಂತೆ ಕಟ್ಟಿದ ಮಂಜರಾಬಾದ್ ಕೋಟೆ ಇದೆ. ಕರಾವಳಿಗೂ ಮೇಲುನಾಡಿಗೂ ನಡುವಿನ ದಾರಿಯನ್ನು ಕಾಯಲೆಂದೇ ಟಿಪ್ಪುವಿನ ಕಾಲದಲ್ಲಿ, 1792ರ ಹೊತ್ತಿಗೆ, ಅದನ್ನು ಕಟ್ಟಿ ಮುಗಿಸಿದರು. ದಾರಿ ಯಾರ ಕೈಯಲ್ಲಿದೆಯೋ ವ್ಯಾಪಾರವೂ ಅವರ ಕೈಯಲ್ಲಿ ಎಂಬ ಮಾತು ಅಂದಿಗೂ ನಿಜ, ಇಂದಿಗೂ ನಿಜ.

ಶಿರಾಡಿ ಘಾಟಿಯೇ ಹೆದ್ದಾರಿ. ಬೆಂಗಳೂರು-ಮಂಗಳೂರು ನಡುವಿನ ಭಾರಿ ಲಾರಿಗಳೆಲ್ಲ ಮುಖ್ಯವಾಗಿ ಈ ದಾರಿಯನ್ನೇ ನೆಚ್ಚಿವೆ. 2015ರಲ್ಲಿ ಮತ್ತು 2018ರಲ್ಲಿ ಕಾಂಕ್ರೀಟ್ ಕೆಲಸಕ್ಕಾಗಿ ತಿಂಗಳುಗಟ್ಟಲೆ ಮುಚ್ಚಿತ್ತು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಜರಿದು ಮತ್ತೆ ಕಟ್ಟಿಕೊಂಡಿತು.

ಮೂಡಿಗೆರೆ, ಕೊಟ್ಟಿಗೆಹಾರದ ಕಡೆಯವರಿಗೆ ಚಾರ್ಮಾಡಿ ಹತ್ತಿರ. ಆದರೆ ಅದರ ತಿರುವುಗಳು ಕಡಿದು. 2019ರ ಆಗಸ್ಟಿನಲ್ಲಿ ಹತ್ತಾರು ಕಡೆ ಕುಸಿದ ಮೇಲೆ ಅಲ್ಲಿ ಭಾರಿ ವಾಹನಗಳನ್ನು ನಿಲ್ಲಿಸಿದರು. ಚಾರ್ಮಾಡಿಯನ್ನು ಪಿಕಪ್ ಗಾಡಿಯ ದಾರಿ ಎಂದೇ ಲೆಕ್ಕ ಹಾಕಿರಿ. ಬಿಸಿಲೆಯ ದಾರಿ ಕಿರಿದು, ನಡುವೆಲ್ಲ ಕಾಡು. ಆಗುಂಬೆಯ ಹದಿನಾಲ್ಕು ತಿರುವುಗಳು ತುಂಬಿದ ಭಾರಿ ಲಾರಿಗೆ ಹೇಳಿದ್ದಲ್ಲ. ಕೊಡಗಿನವರಿಗೆ ಸಂಪಾಜೆ ಇದೆ, ಆದರೆ ಸಕಲೇಶಪುರದವರು ಅದನ್ನು ಹಿಡಿಯಬೇಕಾದರೆ ದೊಡ್ಡ ಸುತ್ತು.

ಹೀಗಾಗಿ ಹತ್ತು ಟನ್ ಹೊರುವ ಲಾರಿಗೆ ಸಕಲೇಶಪುರದಿಂದ ಇರುವ ನಿಜವಾದ ದಾರಿ ಒಂದೇ. ಉಳಿದವು ನಕ್ಷೆಯ ಮೇಲಿನ ದಾರಿಗಳು.

ರೈಲಿನ ಲೆಕ್ಕ

ಹಾಸನ-ಮಂಗಳೂರು ರೈಲುದಾರಿ ಮೊದಲು ಮೀಟರ್ ಗೇಜಿನಲ್ಲಿ 1979ರಲ್ಲಿ ಪೂರ್ಣವಾಯಿತು. ಬ್ರಾಡ್‌ಗೇಜಿಗೆ ಬದಲಾಯಿಸಲೆಂದು 1996ರಲ್ಲಿ ಘಾಟಿಯ ಭಾಗವನ್ನು ಮುಚ್ಚಿದರು. ಸರಕಿನ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಅಂದರೆ ಹತ್ತು ವರ್ಷ ಈ ಬೆಟ್ಟಕ್ಕೆ ರೈಲೇ ಇರಲಿಲ್ಲ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಏರು ಐವತ್ತಕ್ಕೆ ಒಂದು: ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಎತ್ತಿನ ಗಾಡಿಗೆ ಇದು ಏರೇ ಅಲ್ಲ, ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಇದು ಕಡಿದಾದ ಏರು. ತುಂಬಿದ ಸರಕಿನ ಗಾಡಿಗೆ ಇಲ್ಲಿ ಹೆಚ್ಚಿನ ಎಂಜಿನುಗಳನ್ನು ಜೋಡಿಸಬೇಕಾಗುತ್ತದೆ. ಪ್ರಯಾಣಿಕರ ಗಾಡಿಯೂ ಈ ಭಾಗವನ್ನು ದಾಟಲು ಎರಡು ಎರಡೂವರೆ ಗಂಟೆ ಹಿಡಿಯುತ್ತದೆ.

ರೈಲಿನ ಬಾಡಿಗೆ ಅಗ್ಗವೆಂಬ ಮಾತು ಸುಳ್ಳಲ್ಲ, ಆದರೆ ಅದು ಯಾರಿಗೆ ಅಗ್ಗ ಎಂದು ನೋಡಬೇಕು. ಮುಚ್ಚಿದ ವ್ಯಾಗನ್ ಒಂದು ಸುಮಾರು 60 ಟನ್ ಹೊರುತ್ತದೆ, ಅಂದರೆ 50 ಕಿಲೋದ 1200 ಚೀಲ. ಪೂರ್ಣ ಸರಕಿನ ಗಾಡಿಯೆಂದರೆ ಅಂಥ ನಲವತ್ತು ವ್ಯಾಗನುಗಳು. ರೈಲ್ವೆಯವರಿಗೆ ಬೇಕಾದದ್ದು ಇಡೀ ಗಾಡಿ ತುಂಬಿಸುವ ಗಿರಾಕಿ: ಗೊಬ್ಬರ, ಕಲ್ಲಿದ್ದಲು, ಧಾನ್ಯದಂಥ ಸರಕು. ಅರವತ್ತು ಚೀಲದ ರೈತ ಆ ಬಾಗಿಲಲ್ಲಿ ನಿಲ್ಲುವಂತಿಲ್ಲ.

ಉಳಿದದ್ದು ಪ್ರಯಾಣಿಕರ ಗಾಡಿಯ ಸರಕಿನ ಡಬ್ಬಿಯಲ್ಲಿ ಪಾರ್ಸೆಲ್ ಆಗಿ ಕಳಿಸುವ ದಾರಿ. ನಾಲ್ಕಾರು ಮೂಟೆ ಏಲಕ್ಕಿಗೋ ನರ್ಸರಿ ಗಿಡಗಳಿಗೋ ಇದು ಒದಗೀತು. ಗಾಡಿ ನಿಲ್ಲುವ ಕೆಲವೇ ನಿಮಿಷದಲ್ಲಿ ಏರಿಸಬೇಕು, ಡಬ್ಬಿಯಲ್ಲಿ ಜಾಗವಿರಬೇಕು. ಮನೆಯಿಂದ ನಿಲ್ದಾಣಕ್ಕೆ ಒಂದು ಗಾಡಿ, ಅಲ್ಲಿಂದ ಮಂಡಿಗೆ ಇನ್ನೊಂದು. ಲಾರಿಯಲ್ಲಾದರೆ ಏರಿಸುವುದು ಒಮ್ಮೆ, ಇಳಿಸುವುದು ಒಮ್ಮೆ. ರೈಲಿನಲ್ಲಾದರೆ ಮೂರು ಸಲ ಏರಿಸಿ ಮೂರು ಸಲ ಇಳಿಸಬೇಕು. ಪ್ರತಿ ಸಲವೂ ಹಮಾಲಿ, ಪ್ರತಿ ಸಲವೂ ಚೀಲಕ್ಕೊಂದು ಕೊಕ್ಕೆ. ಈ ಲೆಕ್ಕ ಹಾಕಿದ ಮೇಲೆ ಅಗ್ಗದ ಮಾತು ಉಳಿಯುವುದಿಲ್ಲ.

ಆದ್ದರಿಂದ ಸಣ್ಣ ಬೆಳೆಗಾರನ ಕಾಫಿ, ಮೆಣಸಿಗೆ ರಸ್ತೆಯೇ ಗತಿ. ಆಯ್ಕೆ ಇರುವುದು ಗಾಡಿಯ ಜಾತಿಯಲ್ಲಲ್ಲ. ಏನನ್ನು ಹೇರುತ್ತೇವೆ, ಯಾವ ತಿಂಗಳು ಹೇರುತ್ತೇವೆ, ಹೇಗೆ ಹೇರುತ್ತೇವೆ ಎಂಬುದರಲ್ಲಿ.

ಹೊಟ್ಟಿಗೂ ಬಾಡಿಗೆ ಕೊಡುತ್ತೀರಾ?

ಐವತ್ತು ಕಿಲೋ ಒಣ ಚೆರ್ರಿಯನ್ನು ಗಿರಣಿಗೆ ಹಾಕಿದರೆ ಬೇಳೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಉಳಿದರ್ಧ ಹೊಟ್ಟು. ಅದೇ ಐವತ್ತು ಕಿಲೋ ಪಾರ್ಚ್‌ಮೆಂಟಿನಲ್ಲಿ ಬೇಳೆ ಐದರಲ್ಲಿ ನಾಲ್ಕು ಪಾಲು.

ಲೆಕ್ಕ ಸುಲಭವಾಗಲೆಂದು ಕ್ವಿಂಟಲಿಗೆ 100 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿರಿ. ಚೆರ್ರಿಯಾಗಿ ಕಳಿಸಿದರೆ ಒಂದು ಕ್ವಿಂಟಲ್ ಬೇಳೆ ಮಂಗಳೂರು ತಲುಪಲು 200 ರೂಪಾಯಿ ಬೀಳುತ್ತದೆ. ಪಾರ್ಚ್‌ಮೆಂಟಾಗಿ ಕಳಿಸಿದರೆ 125 ರೂಪಾಯಿ. ಇಲ್ಲಿಯೇ ಸಂಸ್ಕರಿಸಿ ಬೇಳೆಯಾಗಿ ಕಳಿಸಿದರೆ 100 ರೂಪಾಯಿ. ಬಾಡಿಗೆ ಎಷ್ಟೇ ಇರಲಿ, ಈ ಪ್ರಮಾಣ ಬದಲಾಗುವುದಿಲ್ಲ. ಮೇಲಾಗಿ ಹೊಟ್ಟು ಮಂಗಳೂರಿನಲ್ಲಿ ಬಿಟ್ಟು ಬಂದ ಆಸ್ತಿ. ಮನೆಯಲ್ಲಿ ಉಳಿದಿದ್ದರೆ ಗೊಬ್ಬರದ ಗುಂಡಿಗೆ ಬೀಳುತ್ತಿತ್ತು.

ಹಿಂದೆ ಈ ಲೆಕ್ಕ ನಮ್ಮ ಕೈಯಲ್ಲಿ ಇರಲಿಲ್ಲ. ಕಾಫಿ ಮಂಡಳಿಯ ಒಟ್ಟು ಮಾರಾಟ ಪದ್ಧತಿ ಇದ್ದಾಗ ಬೆಳೆಯನ್ನು ಮಂಡಳಿಗೇ ಒಪ್ಪಿಸಬೇಕಾಗಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಮಾರಾಟವನ್ನು ಪೂರ್ತಿ ಮುಕ್ತಗೊಳಿಸಿದರು. ಅಂದಿನಿಂದ ಎಲ್ಲಿ ಮಾರಬೇಕು, ಯಾವ ರೂಪದಲ್ಲಿ ಮಾರಬೇಕು ಎಂಬ ತೀರ್ಮಾನ ನಮ್ಮದೇ. ಹಾಸನ, ಚಿಕ್ಕಮಗಳೂರು, ಕುಶಾಲನಗರಗಳಲ್ಲಿ ಸಂಸ್ಕರಣ ಘಟಕಗಳಿವೆ. ಸಕಲೇಶಪುರದಿಂದ ಹಾಸನ ಕೇವಲ 40 ಕಿಲೋಮೀಟರು, ನಡುವೆ ಘಾಟಿ ಇಲ್ಲ.

ಹಾಗಾದರೆ ಮಂಗಳೂರಿಗೆ ಏಕೆ ಹೋಗಬೇಕು? ಅದು ಬಂದರು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾಯಿತು. ಅದಕ್ಕೂ ಬಹು ಹಿಂದಿನಿಂದ ಕಾಫಿ ಸಂಸ್ಕರಣೆ, ರಫ್ತಿನ ಕಸುಬು ಆ ಊರಿನಲ್ಲಿ ಬೇರೂರಿದೆ. ಕೊಳ್ಳುವವರು ಹೆಚ್ಚು ಇರುವಲ್ಲಿ ಬೆಲೆಯೂ ಒಂದಿಷ್ಟು ಹೆಚ್ಚಿರಬಹುದು. ಆದರೆ ಆ ಹೆಚ್ಚಿನ ಬೆಲೆಯಿಂದ ಘಾಟಿಯ ಬಾಡಿಗೆ, ಹೊಟ್ಟಿನ ಬಾಡಿಗೆ, ಹಮಾಲಿ, ವಿಮೆ ಎಲ್ಲವನ್ನೂ ಕಳೆದು ನೋಡಿರಿ. ಉಳಿಯುವುದಾದರೆ ಇಳಿಸಿರಿ, ಉಳಿಯದಿದ್ದರೆ ಹಾಸನವೇ ನಿಮ್ಮ ಮಂಗಳೂರು.

ತಿಂಗಳೇ ದಾರಿ

ಮೇಲೆ ಹೇಳಿದ ಗುಡ್ಡ ಕುಸಿತಗಳ ತಿಂಗಳುಗಳನ್ನು ಇನ್ನೊಮ್ಮೆ ನೋಡಿರಿ. 2018ರ ಆಗಸ್ಟ್. 2019ರ ಆಗಸ್ಟ್. 2024ರ ಜುಲೈ, ಆ ತಿಂಗಳ ಕೊನೆಗೆ ಕಡಗರವಳ್ಳಿ ಮತ್ತು ಎಡಕುಮೇರಿಯ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಜರಿದು ಗಾಡಿಗಳು ನಿಂತವು. ಗುಡ್ಡ ಜರಿಯುವುದು ಆಕಸ್ಮಿಕ ಎನ್ನುತ್ತೇವೆ. ಯಾವ ಜಾಗದಲ್ಲಿ, ಯಾವ ದಿನ ಎಂಬುದು ಆಕಸ್ಮಿಕ, ನಿಜ. ಯಾವ ತಿಂಗಳು ಎಂಬುದು ಆಕಸ್ಮಿಕವಲ್ಲ. ವಾರಗಟ್ಟಲೆ ಸುರಿದ ಮಳೆ ಮಣ್ಣಿನೊಳಗೆ ಇಳಿದು, ಇಳಿಜಾರಿನ ಮಣ್ಣು ತನ್ನ ಭಾರ ತಾನೇ ತಡೆಯಲಾರದಾದಾಗ ಕುಸಿಯುತ್ತದೆ. ರಸ್ತೆಗಾಗಿ ಗುಡ್ಡದ ಬುಡ ಕಡಿದಿರುವಲ್ಲಿ ಅದು ಮೊದಲು. ಜೂನಿನ ಮೊದಲ ಮಳೆಗಿಂತ ಜುಲೈ, ಆಗಸ್ಟಿನ ಮಳೆಗೆ ಹೆಚ್ಚು ಭಯಪಡಬೇಕಾದದ್ದು ಇದಕ್ಕೇ.

ದಾರಿ ತೆರೆದೇ ಇದ್ದರೂ ಮಳೆಗಾಲದ ಗಾಳಿ ಬೇರೆ. ಕಾಫಿಯಾಗಲಿ, ಮೆಣಸಾಗಲಿ ಚೆನ್ನಾಗಿ ಒಣಗಿದಾಗ ಅದರಲ್ಲಿ ನೂರಕ್ಕೆ ಹತ್ತು ಹನ್ನೊಂದು ಭಾಗ ತೇವ ಉಳಿದಿರುತ್ತದೆ. ಘಟ್ಟದ ಕೆಳಗಿನ ಒದ್ದೆ ಗಾಳಿಗೆ ಒಡ್ಡಿದರೆ ಕಾಳು ಮತ್ತೆ ತೇವ ಕುಡಿಯುತ್ತದೆ. ತೂಕ ಏರಿತೆಂದು ಹಿಗ್ಗಬೇಡಿರಿ, ಕೊಳ್ಳುವವನು ತೇವ ಅಳೆದೇ ಬೆಲೆ ಕಟ್ಟುತ್ತಾನೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಹಾಯಿ ಹಡಗಿನ ಕಾಲದಲ್ಲಿ ಮಲಬಾರ್ ಕರಾವಳಿಯಿಂದ ಹೋದ ಕಾಫಿ ಆಫ್ರಿಕಾವನ್ನು ಸುತ್ತಿ ಯೂರೋಪ್ ಮುಟ್ಟಲು ತಿಂಗಳುಗಟ್ಟಲೆ ಆಗುತ್ತಿತ್ತು. ಸಮುದ್ರದ ತೇವಕ್ಕೆ ಬೇಳೆ ಉಬ್ಬಿ, ಬಣ್ಣ ತಿರುಗಿ, ರುಚಿಯೇ ಬೇರೆಯಾಗುತ್ತಿತ್ತು. ಅಲ್ಲಿಯವರಿಗೆ ಆ ರುಚಿಯೇ ಅಭ್ಯಾಸವಾಯಿತು. ಹಡಗುಗಳು ವೇಗವಾದ ಮೇಲೆ ಆ ರುಚಿ ತಪ್ಪಿತು. ಆಗ ಕರಾವಳಿಯ ಉಗ್ರಾಣಗಳಲ್ಲಿ ಆಯ್ದ ಬೇಳೆಯನ್ನು ತೆಳ್ಳಗೆ ಹರಡಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಳಿ ಕುಡಿಸಿ, ಮತ್ತೆ ಮತ್ತೆ ತಿರುವಿ ಅದೇ ರುಚಿಯನ್ನು ತರುವ ಪದ್ಧತಿ ಬೆಳೆಯಿತು. ಮಾನ್ಸೂನ್ಡ್ ಮಲಬಾರ್ ಎಂಬ ಹೆಸರಿನಲ್ಲಿ ಇಂದಿಗೂ ಅದಕ್ಕೆ ಹೊರದೇಶದಲ್ಲಿ ಗಿರಾಕಿ ಇದೆ. ಬಲ್ಲವರು ಬೇಕೆಂದೇ ಕುಡಿಸಿದ ಮಳೆಗಾಳಿಗೆ ಬೆಲೆ ಬಂದೀತು. ನಮ್ಮ ಲಾರಿಯಲ್ಲಿ ಹರಕು ತಾಡಪಾಲಿನ ಕೆಳಗೆ ತಾನಾಗಿ ಕುಡಿದದ್ದಕ್ಕೆ ಬರುವುದು ಬೂಷ್ಟು ಮಾತ್ರ.

ಆದ್ದರಿಂದ ಫೆಬ್ರವರಿಯಿಂದ ಮೇ ನಡುವಿನ ವರೆಗೆ ಘಾಟಿ ಇಳಿಸಲು ಹೇಳಿಸಿದ ಕಾಲ. ಧಾರಣೆ ಏರಲೆಂದು ಕಾಯುವ ಬಯಕೆ ಇದ್ದರೆ ಒಂದು ಭಾಗವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬೇಸಗೆಯಲ್ಲೇ ಇಳಿಸಿರಿ. ಇಟ್ಟುಕೊಂಡ ಭಾಗವನ್ನು ಹಾಸನದ ಕಡೆಯ ಒಣ ಉಗ್ರಾಣದಲ್ಲಿ ಇಡಬಹುದು. ಅಲ್ಲಿಂದ ಮಾರಲು ಘಾಟಿಯನ್ನು ಕೇಳಬೇಕಾಗಿಲ್ಲ. ಮಾಘ ಮಾಸದಲ್ಲಿ ಮಾಡಬೇಕಾದ ತೀರ್ಮಾನವನ್ನು ನಾನು ಶ್ರಾವಣಕ್ಕೆ ತಳ್ಳಿದ್ದೇ ನನ್ನ ತಪ್ಪು.

ಶುಂಠಿ ಮತ್ತು ತರಕಾರಿಯ ಮಾತು ಬೇರೆ, ಅವು ಕಾಯುವ ಸರಕಲ್ಲ. ಹಸಿ ಶುಂಠಿಯ 60 ಕಿಲೋದ ಚೀಲಗಳನ್ನು ಒತ್ತೊತ್ತಾಗಿ ಹೇರಿ ಮೇಲೆ ತಾಡಪಾಲು ಬಿಗಿದರೆ ಒಳಗೇ ಕಾವು ಹುಟ್ಟಿ ಕೊಳೆಯತೊಡಗುತ್ತದೆ. ಅದನ್ನು ಅಗೆದ ದಿನವೇ, ಚಿಕ್ಕ ಗಾಡಿಯಲ್ಲಿ, ಪಕ್ಕದಿಂದ ಗಾಳಿಯಾಡುವಂತೆ ಹೇರಿ ಕಳಿಸಬೇಕು. ಸಂಜೆ ತುಂಬಿಸಿದರೆ ಬೆಳಗಿನ ಜಾವದ ಮಂಡಿಗೆ ಮುಟ್ಟುತ್ತದೆ. ಮಳೆ ಜೋರಿದ್ದ ದಿನ ಅಗೆಯುವುದನ್ನೇ ಮುಂದೂಡಿರಿ. ಶುಂಠಿಗೆ ನೆಲದೊಳಗಿನಷ್ಟು ಒಳ್ಳೆಯ ಉಗ್ರಾಣ ಲಾರಿಯಲ್ಲಿ ಇಲ್ಲ.

ಒಬ್ಬನಿಗೆ ಪಿಕಪ್, ಐವರಿಗೆ ಲಾರಿ

ಪಿಕಪ್ ಗಾಡಿಯಲ್ಲಿ ಹಿಡಿಯುವುದು ಇಪ್ಪತ್ತೈದು ಮೂವತ್ತು ಚೀಲ. ಆರು ಚಕ್ರದ ಲಾರಿಯಲ್ಲಿ ಸುಮಾರು ಹತ್ತು ಟನ್, ಎಂದರೆ 200 ಚೀಲ. ಚಾಲಕ ಒಬ್ಬನೇ, ಘಾಟಿ ಒಂದೇ. ಹಾಗಾಗಿ ಚೀಲವೊಂದಕ್ಕೆ ಬೀಳುವ ಬಾಡಿಗೆ ಲಾರಿಯಲ್ಲಿ ಬಹಳ ಕಡಮೆ. ನಲವತ್ತು ಚೀಲ ಇರುವ ಐದು ಮನೆಗಳು ಸೇರಿದರೆ ಒಂದು ಲಾರಿ ತುಂಬುತ್ತದೆ. ಸೇರಬೇಕೆಂದರೆ ಮೊದಲೇ ಮಾತಾಗಬೇಕು. ಚೀಲಗಳಿಗೆ ಮನೆ ಮನೆಯ ಗುರುತು ಬಣ್ಣದಲ್ಲಿ ಬರೆಯಿರಿ. ಪ್ರತಿಯೊಬ್ಬರ ತೂಕದ ಚೀಟಿ ಬೇರೆಯಾಗಿರಲಿ. ಒಬ್ಬರ ಮಾಲು ಹಸಿಯಿದ್ದರೆ ಐವರದೂ ಕೆಡುತ್ತದೆ, ಆದ್ದರಿಂದ ತೇವ ನೋಡದೆ ಯಾರ ಚೀಲವನ್ನೂ ಏರಿಸಬೇಡಿರಿ. ಇಲ್ಲಿ ದಾಕ್ಷಿಣ್ಯ ಬೇಡ.

ಬಾಡಿಗೆ ಮಾತಾಡುವಾಗ ಒಂದು ಉಪಾಯ. ಬಂದರಿನಿಂದ ಗೊಬ್ಬರವೋ ಮತ್ತೊಂದೋ ಹೊತ್ತು ಘಟ್ಟ ಹತ್ತಿ ಬಂದ ಲಾರಿ ಖಾಲಿ ಇಳಿಯಲು ಒಲ್ಲದು. ಅಂಥ ಲಾರಿ ಕಡಮೆ ಬಾಡಿಗೆಗೆ ಒಪ್ಪುತ್ತದೆ. ಆದರೆ ಅದು ಮೇಲೆ ಏನನ್ನು ತಂದಿತ್ತು ಎಂದು ಕೇಳದೆ ಚೀಲ ಏರಿಸಬೇಡಿರಿ. ಕಾಫಿ ಪರವಾಸನೆಯನ್ನು ಬೇಗ ಹೀರುತ್ತದೆ. ಮೀನು, ರಸಗೊಬ್ಬರ, ಸೀಮೆಎಣ್ಣೆ, ಕೀಟನಾಶಕ ಹೊತ್ತ ಹಲಗೆಯ ಮೇಲೆ ನಿಮ್ಮ ಚೀಲ ಒರಗಿದರೆ ರುಚಿ ನೋಡುವವನ ನಾಲಿಗೆಗೆ ಅದು ತಿಳಿದೇ ತಿಳಿಯುತ್ತದೆ. ಹಲಗೆ ಗುಡಿಸಿ, ತೊಳೆದು, ಒಣಗಿಸಿ, ಶುಭ್ರವಾದ ಹಾಸು ಹಾಸಿ ಹೇರಿಸಿರಿ.

ತಾಡಪಾಲನ್ನು ಅಂಗಳದಲ್ಲಿ ಬಿಡಿಸಿ, ಬೆಳಕಿಗೆ ಎತ್ತಿ ಹಿಡಿದು ನೋಡಿರಿ. ತೂತಿದ್ದರೆ ಸೂರ್ಯನೇ ತೋರಿಸಿಕೊಡುತ್ತಾನೆ. ನಾನು ಇದನ್ನು ಮಾಡಲಿಲ್ಲ. ಚೀಲಕ್ಕೆ ಕೊಕ್ಕೆ ಹಾಕಬಾರದೆಂದು ಹಮಾಲಿಗಳಿಗೆ ಮೊದಲೇ ಹೇಳಿರಿ. ಚಾಲಕನಿಗೂ ಒಂದು ಮಾತು: ಏರುವಾಗ ಯಾವ ಗೇರಿನಲ್ಲಿ ಏರುತ್ತೀಯೋ ಇಳಿಯುವಾಗಲೂ ಅದೇ ಗೇರಿನಲ್ಲಿ ಇಳಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿದರೆ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಕಾದ ಬ್ರೇಕು ಹಿಡಿಯದೇ ಹೋಗುತ್ತದೆ. ಏರುವ ಗಾಡಿಗೆ ದಾರಿ ಬಿಡುವುದು ಘಾಟಿಯ ನಿಯಮ.

ರಶೀದಿ ಇಲ್ಲದ ಮಾಲು ಅನಾಥ

ನನ್ನ ಮಾಲು ಕೆಟ್ಟಾಗ ಪರಿಹಾರ ಕೇಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಬಾಡಿಗೆ ಬಾಯಿಮಾತಿನಲ್ಲಿ ಆಗಿತ್ತು. ಆಮೇಲೆ ಕಾನೂನು ಬಲ್ಲವರಿಂದ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ರಸ್ತೆಯಲ್ಲಿ ಸರಕು ಸಾಗಿಸುವವರಿಗಾಗಿ 2007ರಲ್ಲಿ ಒಂದು ಕಾಯಿದೆಯಾಗಿದೆ, 2011ರ ಮಾರ್ಚಿನಿಂದ ಜಾರಿಯಲ್ಲಿದೆ. ಅದರಂತೆ ಎಲ್ಲರ ಸರಕನ್ನೂ ಬಾಡಿಗೆಗೆ ಒಯ್ಯುವ ಸಾಗಣೆದಾರ ಮಾಲು ಪಡೆದದ್ದಕ್ಕೆ ರಶೀದಿ ಕೊಡತಕ್ಕದ್ದು. ಮಾಲಿನ ಮೌಲ್ಯವನ್ನು ಬರೆಸಿ, ಅದಕ್ಕೆ ತಕ್ಕ ಹೆಚ್ಚಿನ ದರವನ್ನು ಒಪ್ಪದಿದ್ದರೆ, ನಷ್ಟವಾದಾಗ ಅವನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಮೂವತ್ತು ಕ್ವಿಂಟಲಿಗೆ 3000 ರೂಪಾಯಿ ಬಾಡಿಗೆ ಎಂದರೆ ಅವನ ಹೊಣೆ ಹೆಚ್ಚೆಂದರೆ 30,000 ರೂಪಾಯಿ. ಮಾಲು ಎರಡು ಲಕ್ಷದ್ದಾಗಿದ್ದರೂ ಅಷ್ಟೇ. ದಾವೆ ಹೂಡುವ ಮುನ್ನ ಬರಹದಲ್ಲಿ ನೋಟೀಸು ಕೊಡಬೇಕು, ಅದೂ ಮಾಲು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ.

ಇನ್ನೊಂದು ಮಾತು. ದೈವಕೃತವಾದ ನಷ್ಟಕ್ಕೆ ಸಾಗಣೆದಾರ ಹೊಣೆಯಲ್ಲ. ಗುಡ್ಡ ಜರಿದದ್ದು ದೈವದ ಕೆಲಸ, ಹರಕು ತಾಡಪಾಲು ಮನುಷ್ಯನದು. ಇವೆರಡನ್ನು ಬೇರೆ ಮಾಡಿ ತೋರಿಸಬೇಕಾದರೆ ಕಾಗದ ಬೇಕು. ಆದ್ದರಿಂದ ರಶೀದಿಯಲ್ಲಿ ಚೀಲಗಳ ಸಂಖ್ಯೆ, ತೂಕ, ಮೌಲ್ಯ, ಲಾರಿಯ ನಂಬರು, ದಿನಾಂಕ ಎಲ್ಲವನ್ನೂ ಬರೆಸಿರಿ. ದಾರಿಯ ಅಪಾಯಕ್ಕೆ ಒಂದು ಸಾಗಣೆ ವಿಮೆ ಮಾಡಿಸಿರಿ, ಯಾವ ಯಾವ ನಷ್ಟಕ್ಕೆ ಅದು ಒದಗುತ್ತದೆಂದು ಹಣ ಕಟ್ಟುವ ಮುನ್ನವೇ ಓದಿಸಿ ಕೇಳಿರಿ. ಮಾಲು ನಿಮ್ಮ ತೋಟದ್ದೇ ಎಂದು ತೋರಿಸಲು ಪಹಣಿಯ ಒಂದು ಪ್ರತಿಯನ್ನು ಚಾಲಕನ ಕೈಗೆ ಕೊಡಿರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎನ್ನುತ್ತಾರೆ. ಒಂದು ಚೀಟಿಯ ಸೋಮಾರಿತನಕ್ಕೆ ಹೋದ ಬೆಳೆಯೂ ಹಾಗೆಯೇ.

ಮೇಲೇರುವ ಸರಕು

ಇಳಿದ ಲಾರಿ ಬರಿಗೈಯಲ್ಲಿ ಬರಬೇಕೇ? ಇಲ್ಲಿಯೂ ವಿಚಾರ ಮಾಡಿ ಹೇರಿಸಬೇಕು. ಬಂದರಿನಲ್ಲಿ ಗೊಬ್ಬರ ಇಳಿಯುತ್ತದೆ, ಅಲ್ಲಿಂದಲೇ ತಂದರೆ ಅಗ್ಗವಾದೀತು ಎಂದು ಕೆಲವರು ಎಣಿಸುತ್ತಾರೆ. ಯೂರಿಯಾದ ಬೆಲೆಯನ್ನು ಸರಕಾರವೇ ಗೊತ್ತುಮಾಡಿದೆ. ಪಣಂಬೂರಿನ ಅಂಗಡಿಯಲ್ಲಿಯೂ ನಿಮ್ಮೂರ ಸಂಘದಲ್ಲಿಯೂ 45 ಕಿಲೋದ ಚೀಲಕ್ಕೆ ಅದೇ ಬೆಲೆ. ಅದಕ್ಕೆ ನಿಮ್ಮ ಕೈಯಿಂದ ಘಾಟಿಯ ಬಾಡಿಗೆ ಹಾಕುವುದು ದಂಡ.

ತರುವುದಾದರೆ ಕೆಳಗೆ ಅಗ್ಗವಾಗಿಯೂ ಮೇಲೆ ದುಬಾರಿಯಾಗಿಯೂ ಇರುವುದನ್ನು ತರಿಸಿರಿ. ಮಂಗಳೂರು ಹೆಂಚು, ಕರಾವಳಿಯ ಸುಣ್ಣ ಅಂಥವು. ಮಳೆ ಹೆಚ್ಚಾದ ಮಲೆನಾಡಿನ ಮಣ್ಣು ಹುಳಿಯಾಗುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕುವುದು ಒಳ್ಳೆಯದು. ಮಾರ್ಚಿ, ಏಪ್ರಿಲಿನಲ್ಲಿ ಕಾಫಿ ಇಳಿಸಿದ ಲಾರಿಯಲ್ಲೇ ಸುಣ್ಣ ತರಿಸಿದರೆ ಎರಡು ಕಡೆಯ ಬಾಡಿಗೆ ಒಟ್ಟಾಗಿ ಮಾತಾಡಬಹುದು. ಇದಕ್ಕೂ ಬೇಸಗೆಯೇ ಕಾಲ.

ಮೊದಲು ಮಾದರಿ, ಆಮೇಲೆ ಮಾಲು

ಕೊನೆಯದಾಗಿ, ರೈಲನ್ನು ಪೂರ್ತಿ ಕೈಬಿಡಬೇಡಿರಿ. ಮಾಲಿಗೆ ಒದಗದ ರೈಲು ಬೆಳೆಗಾರನಿಗೆ ಒದಗುತ್ತದೆ. ಲಾರಿ ಗೊತ್ತುಮಾಡುವ ವಾರದ ಮೊದಲು ಒಂದೊಂದು ಕಿಲೋದ ಮಾದರಿಗಳನ್ನು ಬೇರೆ ಬೇರೆ ಚೀಲಗಳಿಂದ ತೆಗೆದು, ಗಾಳಿಯಾಡದಂತೆ ಕಟ್ಟಿ, ನೀವೇ ಮಂಗಳೂರಿಗೆ ಹೋಗಿರಿ. ಎರಡು ಮೂರು ಕಡೆ ತೋರಿಸಿರಿ. ತೇವ ಎಷ್ಟು, ಬೇಳೆಯ ಇಳುವರಿ ಎಷ್ಟು ಎಂದು ನಿಮ್ಮ ಎದುರಿಗೇ ನೋಡಿಸಿ ಬೆಲೆ ಗೊತ್ತುಮಾಡಿ ಬನ್ನಿರಿ. ಲಾರಿ ತುಂಬ ಮಾಲು ಅವರ ಅಂಗಳದಲ್ಲಿ ನಿಂತ ಮೇಲೆ ಬೆಲೆ ಮಾತಾಡುವವನಿಗೆ ಹಿಂದಿರುಗುವ ದಾರಿ ಇರುವುದಿಲ್ಲ. ಮಾದರಿಯ ಪೊಟ್ಟಣ ಹಿಡಿದವನು ಎದ್ದು ಬರಬಹುದು.

ಬಸ್ಸಿಗೆ ಹೊತ್ತು ಹೊತ್ತಿಗೆ ಅನುಕೂಲವಿದೆ. ರೈಲಿನಲ್ಲಿ ತಿರುವಿನ ತಲೆಸುತ್ತು ಇಲ್ಲ, ವಯಸ್ಸಾದವರಿಗೆ ಅದೇ ಲೇಸು. ಹೊರಡುವ ಮುನ್ನ ಗಾಡಿ ಓಡುತ್ತಿದೆಯೇ ಎಂದು ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಿರಿ. 2025ರಲ್ಲಿ ಘಾಟಿಯ ಭಾಗದ ವಿದ್ಯುದೀಕರಣದ ಕೆಲಸಕ್ಕಾಗಿ ಹಗಲಿನ ಗಾಡಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಮಂಗಳೂರಿನಲ್ಲಿ ಜಂಕ್ಷನ್ ಬೇರೆ, ಸೆಂಟ್ರಲ್ ಬೇರೆ. ನಿಮ್ಮ ಗಾಡಿ ಯಾವುದಕ್ಕೆ ಹೋಗುತ್ತದೆಂದು ಟಿಕೆಟ್ ಕೊಳ್ಳುವಾಗಲೇ ಕೇಳಿರಿ.

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಂದಿದೆ. ಕಣದಲ್ಲಿ ಕಾಫಿ ಇನ್ನೂ ಒಣಗುತ್ತಿರುವಾಗಲೇ ನೆರೆಯ ನಾಲ್ಕು ಮನೆಯವರು ಒಂದು ಸಂಜೆ ಸೇರುತ್ತೇವೆ. ಯಾರದು ಎಷ್ಟು ಚೀಲ, ಎಷ್ಟು ಹಾಸನಕ್ಕೆ, ಎಷ್ಟು ಮಂಗಳೂರಿಗೆ, ಯಾವ ವಾರ ಲಾರಿ ಎಂದು ಪಂಚಾಂಗದ ಅಂಚಿನಲ್ಲಿ ಬರೆದುಕೊಳ್ಳುತ್ತೇವೆ. ಧಾರಣೆ ಆಮೇಲೆ ಏರಿದ ವರ್ಷಗಳೂ ಇವೆ, ನಾಲ್ಕು ಕಾಸು ಕೈತಪ್ಪಿತಲ್ಲ ಎಂದು ಕೊರಗಿದ್ದೂ ಉಂಟು. ಆದರೆ ಆಗಸ್ಟಿನ ರಾತ್ರಿ ಮಾಡಿನ ಮೇಲೆ ಮಳೆ ಬಡಿಯುವಾಗ ನಮ್ಮ ಚೀಲಗಳು ಎಲ್ಲಿವೆಯೋ ಎಂದು ಎದ್ದು ಕೂರಬೇಕಾಗಿಲ್ಲ.

ನಿಮ್ಮ ಊರಿನ ವಾಚನಾಲಯದಲ್ಲಿ ಈ ಪುಟವನ್ನು ಓದುತ್ತಿರುವ ನಾಲ್ಕೈದು ಜನರಲ್ಲಿಯೇ ಒಂದು ಲಾರಿ ತುಂಬುವಷ್ಟು ಮಾಲು ಇರಬಹುದು. ಪತ್ರಿಕೆಯನ್ನು ಮಡಿಸುವ ಮುನ್ನ ಪಕ್ಕದವರನ್ನು ಒಂದು ಮಾತು ಕೇಳಿ ನೋಡಿರಿ.